ಅಮಾಲ್ಫಿ ಕರಾವಳಿಗೆ ಪ್ಲಾನ್ ಮಾಡೋದು ಹೇಗೆ: ಮೊದಲು ಏನು, ಆಮೇಲೆ ಏನು

ಇಟಲಿಯ ಅಮಾಲ್ಫಿ ಕರಾವಳಿಗೆ ಹೋಗಿಬಂದವರು ಹೇಳೋ ಕಷ್ಟಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತಿ ಸೊಂಟ ಹಿಡಿಯಿತು. ಅರ್ಧ ರಜೆ ರಸ್ತೆಯಲ್ಲೇ ಕಳೆಯಿತು. ವೀಸಾ ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ಮಕ್ಕಳ ರಜೆಯೇ ಮುಗಿದಿತ್ತು. ಇವರೆಲ್ಲ ಸಾಕಷ್ಟು ಓದಿಕೊಂಡೇ ಹೋದವರು, ದುಡ್ಡನ್ನೂ ಧಾರಾಳವಾಗಿ ಖರ್ಚು ಮಾಡಿದವರು. ಎಡವಿದ್ದು ಕೆಲಸಗಳ ಕ್ರಮದಲ್ಲಿ. ಅಲ್ಲಿನ ಪೊಸಿತಾನೊ ಅನ್ನೋ ಊರಿನ ಫೋಟೊ ನೋಡಿ ಮೊದಲು ರೂಮ್ ಬುಕ್ ಮಾಡುತ್ತಾರೆ. ಅಲ್ಲಿಗೆ ಹೋಗೋದು ಹೇಗೆ ಅನ್ನೋ ಪ್ರಶ್ನೆ ಕೊನೆಗೆ ಬರುತ್ತದೆ.

ಈ ಕ್ರಮವನ್ನು ತಿರುಗಿಸಿ. ದಾರಿ ಮೊದಲು, ಊರು ಆಮೇಲೆ, ರೂಮ್ ಅದರ ನಂತರ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಒಂದನ್ನು ಹಾರಿದರೂ ಮುಂದಿನದು ತೊಡಕಾಗುತ್ತದೆ.

ಕೂರುವ ಮೊದಲು ಕೈಯಲ್ಲಿರಬೇಕಾದ್ದು

ಮಕ್ಕಳ ಶಾಲೆಯ ಕ್ಯಾಲೆಂಡರ್ ಮತ್ತು ನಿಮ್ಮ ಆಫೀಸಿನ ರಜೆ ಪಟ್ಟಿ. ಮನೆಯವರೆಲ್ಲರ ಪಾಸ್‌ಪೋರ್ಟ್. ಸೀತಾ ಸುದ್ ಬಸ್ ಕಂಪನಿಯ ಈಗಿನ ವೇಳಾಪಟ್ಟಿ, ಟ್ರಾವೆಲ್‌ಮಾರ್ ದೋಣಿಗಳ ವೇಳಾಪಟ್ಟಿ, ಫೋನಿನಲ್ಲಿ ಇಟಲಿಯ ರೈಲುಗಳ ಟ್ರೆನಿಟಾಲಿಯಾ ಆ್ಯಪ್. ಮ್ಯಾಪ್ ನೋಡುವಾಗ ಎತ್ತರ ತಗ್ಗು ಕಾಣಿಸುವ ಹಾಗೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಸಪಾಟಾದ ಮ್ಯಾಪ್ ಇಲ್ಲಿ ನಿಮ್ಮನ್ನು ಮೋಸ ಮಾಡುತ್ತದೆ.

ಹಂತ 1: ರಸ್ತೆಯನ್ನು ಅರ್ಥ ಮಾಡಿಕೊಳ್ಳಿ

ಈ ಕರಾವಳಿಯ ಊರುಗಳನ್ನು ಪೋಣಿಸುವ ರಸ್ತೆ ಒಂದೇ, ಎಸ್‌ಎಸ್163. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಸಮುದ್ರ. ಎಷ್ಟೋ ತಿರುವುಗಳಲ್ಲಿ ಎರಡು ಬಸ್ಸು ಒಟ್ಟಿಗೆ ದಾಟಲು ಆಗೋದಿಲ್ಲ. ಡ್ರೈವರ್ ತಿರುವಿಗೆ ಮುಂಚೆ ಹಾರ್ನ್ ಹೊಡೆಯುತ್ತಾನೆ, ಎದುರಿನ ಕಾರು ನಿಲ್ಲುತ್ತದೆ, ಅದರ ಹಿಂದಿನದು ರಿವರ್ಸ್ ತೆಗೆಯುತ್ತದೆ, ಆಮೇಲೆ ಬಸ್ಸು ಇಂಚಿಂಚಾಗಿ ಮುಂದೆ ಹೋಗುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗೋದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಡಿ. ಪೊಸಿತಾನೊದಿಂದ ಅಮಾಲ್ಫಿಗೆ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಖಾಲಿ ರಸ್ತೆಯಿದ್ದರೆ ಬಸ್ಸಿಗೆ ಮುಕ್ಕಾಲು ಗಂಟೆ. ಬೇಸಿಗೆಯ ಭಾನುವಾರ ಎಷ್ಟು ಹೊತ್ತು ಅಂತ ಯಾರೂ ಹೇಳಲಾರರು. ಅದೇ ದೂರ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ.

ಇನ್ನೊಂದು ವಿಷಯ ಇಲ್ಲೇ ತಿಳಿದುಕೊಳ್ಳಿ. ಸೊರೆಂಟೊ ಅಮಾಲ್ಫಿ ಕರಾವಳಿಯಲ್ಲಿ ಇಲ್ಲ. ಅದು ಬೆಟ್ಟದ ಆಚೆ ಪಕ್ಕ, ನೇಪಲ್ಸ್ ಕೊಲ್ಲಿಯ ಕಡೆಗಿದೆ. ಪೂರ್ವದ ತುದಿಯಲ್ಲಿ ಸಲೆರ್ನೊ ಇದೆ. ಇವೆರಡೂ ರೈಲು ಇರುವ ಊರುಗಳು. ನಡುವಿನ ಪೊಸಿತಾನೊ, ಪ್ರಯಾನೊ, ಅಮಾಲ್ಫಿ, ಅತ್ರಾನಿ, ರವೆಲ್ಲೊ, ಮಿನೋರಿ, ಮಾಯೋರಿ, ಚೆತಾರಾ ಯಾವುದಕ್ಕೂ ರೈಲು ಇಲ್ಲ.

ಕಾರು ಬಾಡಿಗೆಗೆ ತಗೊಳ್ಳೋಣ್ವಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು, ರಸ್ತೆಯ ಬಲಗಡೆ ಓಡಿಸಬೇಕು, ಪಾರ್ಕಿಂಗ್ ದುಬಾರಿ, ಹಲವು ಊರುಗಳ ಒಳಗೆ ಹೊರಗಿನ ಕಾರಿಗೆ ಪ್ರವೇಶವೇ ಇಲ್ಲ. ಅದರ ಮೇಲೆ ಜನ ಜಾಸ್ತಿ ಇರುವ ದಿನಗಳಲ್ಲಿ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಸಮ ಬೆಸ ನಂಬರ್ ಪ್ಲೇಟ್ ನಿಯಮ ಜಾರಿಯಲ್ಲಿರುತ್ತದೆ. ಓಡಿಸುವವರಿಗೆ ಸಮುದ್ರ ನೋಡೋಕೂ ಆಗೋದಿಲ್ಲ.

ಹಂತ 2: ದಿನಾಂಕ ಗೊತ್ತು ಮಾಡಿ

ದೋಣಿಗಳು ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆವರೆಗೆ ಓಡುತ್ತವೆ. ಚಳಿಗಾಲದಲ್ಲಿ ದೋಣಿ ಇಲ್ಲ, ಅರ್ಧಕ್ಕರ್ಧ ಹೋಟೆಲ್‌ಗಳಿಗೂ ಬೀಗ. ದೋಣಿ ಓಡುವ ತಿಂಗಳುಗಳಲ್ಲೇ ಹೋಗಿ.

ಕರ್ನಾಟಕದ ಶಾಲಾ ರಜೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೇ ಎರಡನೇ ಮತ್ತು ಮೂರನೇ ವಾರ ನನ್ನ ಮೊದಲ ಆಯ್ಕೆ. ಬಿಸಿಲು ಹದವಾಗಿರುತ್ತದೆ, ನಿಂಬೆ ತೋಟಗಳು ಹಸಿರಾಗಿರುತ್ತವೆ. ಸಮುದ್ರದ ನೀರು ಮಾತ್ರ ಇನ್ನೂ ತಣ್ಣಗೆ. ದಸರಾ ರಜೆಯೂ ಒಳ್ಳೆಯದೇ, ಆಗ ನೀರು ಬೆಚ್ಚಗಿರುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಮಳೆ ಬರಬಹುದು, ಹಾಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಈಸ್ಟರ್ ವಾರ, ಏಪ್ರಿಲ್ 25ರಿಂದ ಮೇ 1ರವರೆಗಿನ ರಜೆಗಳು, ಇಡೀ ಆಗಸ್ಟ್ ತಿಂಗಳು, ಇವನ್ನು ಬಿಡಿ. ಆಗಸ್ಟ್ 15 ಇಟಲಿಯಲ್ಲೂ ದೊಡ್ಡ ರಜೆ, ಇಡೀ ದೇಶ ಸಮುದ್ರಕ್ಕೆ ಇಳಿದಿರುತ್ತದೆ.

ಕನಿಷ್ಠ ನಾಲ್ಕು ರಾತ್ರಿ ಬೇಕು. ರೋಮ್‌ನಿಂದ ಬೆಳಗ್ಗೆ ಹೋಗಿ ರಾತ್ರಿ ಬರುತ್ತೇವೆ ಅನ್ನೋ ಪ್ಲಾನ್ ನಿಮ್ಮ ಹಾಳೆಯಲ್ಲಿದ್ದರೆ ಹೊಡೆದುಹಾಕಿ. ಆಗುತ್ತದೆ, ಆದರೆ ನೋಡೋದು ಬಸ್ಸಿನ ಕಿಟಕಿ ಮಾತ್ರ.

ಹಂತ 3: ತಂಗುವ ಊರು ಆರಿಸಿ

ಇಡೀ ಪ್ರವಾಸ ನಿಂತಿರೋದು ಈ ಒಂದು ತೀರ್ಮಾನದ ಮೇಲೆ. ನಿಧಾನವಾಗಿ ಮಾಡಿ. ನಿಮ್ಮ ಜೊತೆ ಯಾರು ಬರುತ್ತಿದ್ದಾರೆ ಅನ್ನೋದರಿಂದ ಶುರು ಮಾಡಿ.

ಅಪ್ಪ ಅಮ್ಮ, ಅತ್ತೆ ಮಾವ ಜೊತೆಗಿದ್ದರೆ ಸಲೆರ್ನೊ, ಮಾಯೋರಿ ಅಥವಾ ಮಿನೋರಿ. ಮೂರಕ್ಕೂ ಸಮುದ್ರದಂಚಿಗೆ ಸಪಾಟಾದ ಜಾಗ ಇದೆ. ಮಾಯೋರಿಯ ಬೀಚ್ ಈ ಕರಾವಳಿಯಲ್ಲೇ ಉದ್ದದ್ದು, ಅದರ ಪಕ್ಕದಲ್ಲೇ ಸಂಜೆ ನಡೆದಾಡಬಹುದು. ಸಲೆರ್ನೊ ದೊಡ್ಡ ಊರು. ಫೋಟೊಗಳಲ್ಲಿ ಅಷ್ಟು ಮಿಂಚೋದಿಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ಆದರೆ ಅಲ್ಲಿ ರೈಲು ನಿಲ್ದಾಣದಿಂದ ಪಿಯಾಟ್ಸಾ ದೆಲ್ಲಾ ಕೊಂಕೊರ್ದಿಯಾದ ದೋಣಿ ಕಟ್ಟೆಗೆ ನಡೆದೇ ಹೋಗಬಹುದು. ಅಮಾಲ್ಫಿಗೆ ದೋಣಿಯಲ್ಲಿ ಸುಮಾರು 35 ನಿಮಿಷ, ಪೊಸಿತಾನೊಗೆ ಒಂದು ಗಂಟೆ ಹತ್ತು ನಿಮಿಷ. ರೂಮ್ ಬಾಡಿಗೆಯೂ ಪೊಸಿತಾನೊಗಿಂತ ಬಹಳ ಕಡಿಮೆ. ಮೊದಲ ಸಲ ಹೋಗುವ ಕುಟುಂಬಕ್ಕೆ ನಾನು ಹೇಳೋದು ಸಲೆರ್ನೊ.

ಇಬ್ಬರೇ ಇದ್ದು, ಮೆಟ್ಟಿಲು ಹತ್ತೋಕೆ ತೊಂದರೆ ಇಲ್ಲದಿದ್ದರೆ ಅಮಾಲ್ಫಿ ಅಥವಾ ಪಕ್ಕದ ಅತ್ರಾನಿ. ಬಸ್ಸು, ದೋಣಿ ಎರಡೂ ಅಮಾಲ್ಫಿಯಿಂದ ನಾಲ್ಕೂ ಕಡೆ ಹೋಗುತ್ತವೆ. ಅತ್ರಾನಿ ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ. ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಪುರಸಭೆ ಅದು. ರಾತ್ರಿ ದೋಣಿಗಳ ಜನ ಹೋದ ಮೇಲೆ ಅಲ್ಲಿನ ಚೌಕದಲ್ಲಿ ಊರ ಮಕ್ಕಳು ಚೆಂಡಾಡುತ್ತಿರುತ್ತಾರೆ.

ಸೊರೆಂಟೊ ಯಾರಿಗೆ? ಪ್ರಾಚೀನ ನಗರ ಪೊಂಪೇಯ ಅವಶೇಷಗಳು ಮತ್ತು ಕಾಪ್ರಿ ದ್ವೀಪವನ್ನೇ ಮುಖ್ಯವಾಗಿ ನೋಡಬೇಕು ಅನ್ನುವವರಿಗೆ. ಕಾಪ್ರಿಗೆ ಅಲ್ಲಿಂದ ವೇಗದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ಮುಟ್ಟಬಹುದು.

ಪೊಸಿತಾನೊ ನಿಜವಾಗಲೂ ಸುಂದರ. ದುಡ್ಡು ಇದ್ದರೆ ಅಲ್ಲೂ ಉಳಿಯಬಹುದು. ಆದರೆ ಅದು ಪೂರ್ತಿ ಇಳಿಜಾರಿನ ಊರು. ಅಲ್ಲಿದ್ದುಕೊಂಡು ದಿನಾ ಬೇರೆ ಊರು ನೋಡಿಬರುತ್ತೇವೆ ಅಂದರೆ ದಿನಾ ಬಸ್ಸಿಗೆ ಕಾಯಬೇಕು.

ಒಂದೇ ಊರಲ್ಲಿ ಉಳಿಯಿರಿ. ಎರಡು ರಾತ್ರಿ ಇಲ್ಲಿ, ಎರಡು ರಾತ್ರಿ ಅಲ್ಲಿ ಅಂತ ಹಂಚಿದರೆ ಒಂದು ಪೂರ್ತಿ ದಿನ ಲಗೇಜಿಗೇ ಹೋಗುತ್ತದೆ.

ಹಂತ 4: ರೂಮ್ ಬುಕ್ ಮಾಡುವ ಮುಂಚೆ ಮೆಟ್ಟಿಲು ಎಣಿಸಿ

ಮ್ಯಾಪ್‌ನಲ್ಲಿ 150 ಮೀಟರ್ ಅಂತ ತೋರಿಸುವ ದಾರಿ ಇಲ್ಲಿ ಇನ್ನೂರು ಮೆಟ್ಟಿಲು ಆಗಿರಬಹುದು. ಅವೂ ಒಂದೇ ಎತ್ತರದವಲ್ಲ. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ, ಸವೆದ ಕಲ್ಲಿನ ಮೇಲೆ, 23 ಕೆ.ಜಿ. ಸೂಟ್‌ಕೇಸಿನ ಚಕ್ರ ಯಾವ ಉಪಯೋಗಕ್ಕೂ ಬರೋದಿಲ್ಲ. ಅದನ್ನು ಎತ್ತಿಕೊಂಡೇ ಹೋಗಬೇಕು.

ಅದಕ್ಕೆ ಮನೆ ಮಾಲೀಕರಿಗೆ ಮೊದಲೇ ಮೆಸೇಜ್ ಮಾಡಿ ಮೂರು ವಿಷಯ ಕೇಳಿ. ಬಸ್ ಸ್ಟಾಪ್‌ನಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಹತ್ತೋದಾ, ಇಳಿಯೋದಾ? ಲಿಫ್ಟ್ ಇದೆಯಾ? ಸಂಖ್ಯೆ ಹೇಳದೆ "ಹತ್ತಿರವೇ ಇದೆ" ಅಂತ ಉತ್ತರ ಬಂದರೆ ಆ ಮನೆ ಬಿಟ್ಟುಬಿಡಿ. ಹಿಂದೆ ಉಳಿದುಹೋದವರ ಅಭಿಪ್ರಾಯಗಳಲ್ಲಿ ಮೆಟ್ಟಿಲು ಅನ್ನೋ ಪದ ಹುಡುಕಿ ಓದಿ. ಹೊಗಳಿಕೆಗಿಂತ ಅಲ್ಲಿ ಸಿಗುವ ಮಾಹಿತಿ ಜಾಸ್ತಿ.

ಎಚ್ಚರ ವಹಿಸಬೇಕಾದ ಇನ್ನೆರಡು ಸೂಚನೆಗಳಿವೆ. ಬಾಡಿಗೆ ತೀರಾ ಕಡಿಮೆ ಇದ್ದರೆ ವಿಳಾಸ ನೋಡಿ. ಅಜೆರೋಲಾ, ತ್ರಮೊಂತಿ, ನೊಚೆಲ್ಲೆ ಅಂತಿದ್ದರೆ ಅದು ಬೆಟ್ಟದ ಮೇಲಿನ ಊರು. ಗಾಳಿ ಬೆಳಕು ಚೆನ್ನಾಗಿರುತ್ತದೆ, ಆದರೆ ಸಮುದ್ರಕ್ಕೆ ಇಳಿಯಲು ಬಸ್ಸು ಬೇಕು. ಇನ್ನೊಂದು, 2025ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳು ಜಾಹೀರಾತಿನಲ್ಲಿ ಸಿಐಎನ್ ಅನ್ನೋ ನೋಂದಣಿ ಸಂಖ್ಯೆ ತೋರಿಸಲೇಬೇಕು. ಅದು ಕಾಣಿಸದಿದ್ದರೆ ಮುಂಗಡ ಕಳಿಸಬೇಡಿ.

ಬುಕಿಂಗ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದೇ ಇರಲಿ. ಕಾರಣ ಮುಂದಿನ ಹಂತದಲ್ಲಿದೆ.

ಹಂತ 5: ಷೆಂಗೆನ್ ವೀಸಾ

ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಇದು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ. ಆ ಗಡುವನ್ನು ನಂಬಿಕೊಂಡು ಕೂರಬೇಡಿ. ಅರ್ಜಿ ಪರಿಶೀಲನೆಗೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವೊಮ್ಮೆ 45 ದಿನವೂ ಆಗಬಹುದು. ಇನ್ನು ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಮೇ ತಿಂಗಳಲ್ಲಿ ಹೋಗುವವರು ಜನವರಿಯಲ್ಲೇ ದಿನ ಗೊತ್ತು ಮಾಡಿಕೊಳ್ಳಿ.

ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪ್ಯಾರಿಸ್ ಮೂರು ರಾತ್ರಿ, ಇಟಲಿ ಆರು ರಾತ್ರಿ ಅಂದರೆ ಇಟಲಿಗೆ. ಎರಡೂ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬೇರೆ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತು ಅಂತ ಅಲ್ಲಿ ಹಾಕಿದರೆ ಅರ್ಜಿ ತಿರಸ್ಕಾರವಾಗಬಹುದು.

ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ನಮ್ಮ ಕಡೆಯವರಿಗೆ ಇನಿಶಿಯಲ್ ಒಂದು ತಲೆನೋವು. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇರುತ್ತದೆ. ಟಿಕೆಟ್, ಹೋಟೆಲ್, ವಿಮೆ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹೆಸರು ಬರೆಸಿ.

ವೀಸಾ ಕೈಗೆ ಬರುವ ಮುಂಚೆ ದುಡ್ಡು ವಾಪಸ್ ಬಾರದ ಯಾವುದನ್ನೂ ಕೊಳ್ಳಬೇಡಿ.

ಹಂತ 6: ಮನೆಯಿಂದ ಕರಾವಳಿವರೆಗೆ

ಬೆಂಗಳೂರಿನಿಂದ ನೇಪಲ್ಸ್‌ಗೆ ನೇರ ವಿಮಾನ ಇಲ್ಲ. ಕೊಲ್ಲಿ ದೇಶಗಳ ಮೂಲಕ ಅಥವಾ ಯುರೋಪಿನ ದೊಡ್ಡ ನಿಲ್ದಾಣಗಳ ಮೂಲಕ ರೋಮ್ ಅಥವಾ ನೇಪಲ್ಸ್ ಸೇರಬೇಕು. ರೋಮ್‌ನಿಂದ ಸಲೆರ್ನೊಗೆ ವೇಗದ ರೈಲು ಇದೆ, ಸುಮಾರು ಎರಡು ಗಂಟೆ. ನೇಪಲ್ಸ್‌ನಿಂದ ಸಲೆರ್ನೊಗೆ ನಲವತ್ತು ನಿಮಿಷದ ಆಸುಪಾಸು.

ಸೊರೆಂಟೊಗೆ ಹೋಗುವವರಿಗೆ ನೇಪಲ್ಸ್‌ನಿಂದ ಚಿರ್ಕುಂವೆಸುವಿಯಾನಾ ಅನ್ನೋ ಲೋಕಲ್ ರೈಲಿದೆ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಸೀಟು ಕಾಯ್ದಿರಿಸೋಕೆ ಆಗೋದಿಲ್ಲ, ತುಂಬಿ ತುಳುಕುತ್ತಿರುತ್ತದೆ, ಜೇಬುಗಳ್ಳರೂ ಇದ್ದಾರೆ. ಗರಿಬಾಲ್ದಿ ನಿಲ್ದಾಣದಲ್ಲಿ ಹತ್ತುವ ಬದಲು ಅದಕ್ಕಿಂತ ಒಂದು ಸ್ಟಾಪ್ ಹಿಂದಿನ ಪೋರ್ತಾ ನೊಲಾನಾದಲ್ಲಿ ಹತ್ತಿ. ರೈಲು ಹೊರಡುವುದೇ ಅಲ್ಲಿಂದ, ಕೂರಲು ಜಾಗ ಸಿಗುತ್ತದೆ. ಬ್ಯಾಗು ಎದೆಗೆ ಹಾಕಿಕೊಳ್ಳಿ.

ಲಗೇಜು ತಲೆಗೊಂದು ಕ್ಯಾಬಿನ್ ಸೈಜಿನ ಬ್ಯಾಗು, ಅಷ್ಟೇ. ರೋಮ್, ಫ್ಲಾರೆನ್ಸ್ ಎಲ್ಲ ಸುತ್ತುವವರ ಹತ್ತಿರ ದೊಡ್ಡ ಪೆಟ್ಟಿಗೆ ಇದ್ದೇ ಇರುತ್ತದೆ. ಅದನ್ನು ನೇಪಲ್ಸ್ ನಿಲ್ದಾಣದ ಲಗೇಜ್ ಕೊಠಡಿಯಲ್ಲೋ, ವಾಪಸ್ ಬಂದು ಉಳಿಯುವ ಹೋಟೆಲಿನಲ್ಲೋ ಬಿಟ್ಟು ಹೋಗಿ.

ಸಂಜೆ ಕತ್ತಲಾದ ಮೇಲೆ ಕರಾವಳಿ ತಲುಪುವ ಹಾಗೆ ಪ್ಲಾನ್ ಮಾಡಬೇಡಿ. ಕೊನೆಯ ದೋಣಿ ಹೋಗಿರುತ್ತದೆ, ಬಸ್ಸು ವಿರಳ, ಟ್ಯಾಕ್ಸಿಯವರು ಕೇಳಿದ್ದೇ ರೇಟು. ವಿಮಾನ ಮಧ್ಯಾಹ್ನದ ಮೇಲೆ ಇಳಿದರೆ ಮೊದಲ ರಾತ್ರಿ ನೇಪಲ್ಸ್ ಅಥವಾ ಸಲೆರ್ನೊದಲ್ಲಿ ಮಲಗಿ, ಬೆಳಗಿನ ದೋಣಿ ಹಿಡಿಯಿರಿ.

ಹಂತ 7: ದಿನದ ಓಡಾಟ

ನಿಯಮ ಸರಳ. ಉದ್ದ ದೂರಕ್ಕೆ ದೋಣಿ, ಬೆಟ್ಟ ಹತ್ತೋಕೆ ಬಸ್ಸು, ಮಿಕ್ಕಿದ್ದಕ್ಕೆ ಕಾಲು.

ಬಸ್ ಟಿಕೆಟನ್ನು ಹತ್ತುವ ಮುಂಚೆಯೇ ಕೊಂಡಿರಬೇಕು. ಬಾಗಿಲಲ್ಲಿ ದೊಡ್ಡ ಟಿ ಅಕ್ಷರದ ಬೋರ್ಡು ಇರುವ ತಬಾಕ್ಕಿ ಅಂಗಡಿಗಳಲ್ಲಿ ಸಿಗುತ್ತದೆ. ಹೋಗೋದಕ್ಕೆ, ಬರೋದಕ್ಕೆ ಎರಡನ್ನೂ ಒಟ್ಟಿಗೆ ತಗೊಳ್ಳಿ, ಸಂಜೆ ಅಂಗಡಿ ಮುಚ್ಚಿರಬಹುದು. 24 ಗಂಟೆಯ ಪಾಸೂ ಇದೆ. ಹತ್ತಿದ ಕೂಡಲೇ ಮಷೀನಿನಲ್ಲಿ ಟಿಕೆಟ್ ಒತ್ತಿಸಿ. ಒತ್ತಿಸದ ಟಿಕೆಟ್ ಇದ್ದರೂ ದಂಡ ಬೀಳುತ್ತದೆ. ಸೊರೆಂಟೊದಿಂದ ಅಮಾಲ್ಫಿ ಕಡೆ ಹೋಗುವಾಗ ಬಲಗಡೆ ಕೂತರೆ ಸಮುದ್ರ ಕಾಣುತ್ತದೆ. ವಾಂತಿ ಬರುವವರು ಮುಂದೆ ಕೂರಲಿ, ಮಾತ್ರೆ ಮೊದಲೇ ನುಂಗಿರಲಿ.

ಸಂಜೆ ಐದರ ಹೊತ್ತಿಗೆ ಪೊಸಿತಾನೊದ ಸ್ಪೋಂದಾ ಬಸ್ ಸ್ಟಾಪ್‌ಗೆ ಹೋದರೆ ನನ್ನ ಮಾತು ಅರ್ಥವಾಗುತ್ತದೆ. ಬೀಚಿನಿಂದ ಹತ್ತಿಬಂದ ಜನ ರಸ್ತೆಯಂಚಿಗೆ ಒತ್ತಿಕೊಂಡು ನಿಂತಿರುತ್ತಾರೆ. ಬಸ್ಸು ಬರುತ್ತದೆ, ತುಂಬಿರುತ್ತದೆ, ಡ್ರೈವರ್ ಕೈ ಅಲ್ಲಾಡಿಸಿ ಮುಂದೆ ಹೋಗುತ್ತಾನೆ. ಮುಂದಿನ ಬಸ್ಸಿನದೂ ಅದೇ ಕಥೆ. ಹಾಗಾಗಿ ಬಸ್ಸು ಹೊರಡುವ ಜಾಗದಿಂದಲೇ ಹತ್ತಿ, ಅಂದರೆ ಸೊರೆಂಟೊದ ರೈಲು ನಿಲ್ದಾಣ ಅಥವಾ ಅಮಾಲ್ಫಿಯ ಪಿಯಾಟ್ಸಾ ಫ್ಲಾವಿಯೊ ಜೋಯಾ. ಪೊಸಿತಾನೊದಿಂದ ವಾಪಸ್ ಬರಲು ದೋಣಿ ಟಿಕೆಟನ್ನು ಬೆಳಗ್ಗೆಯೇ ತೆಗೆದಿಡಿ.

ಸಮುದ್ರದಲ್ಲಿ ಅಲೆಗಳ ಅಬ್ಬರ ಜೋರಾಗಿದ್ದರೆ ದೋಣಿ ನಿಲ್ಲುತ್ತದೆ. ಆಗ ದೋಣಿಯ ಜನವೆಲ್ಲ ಬಸ್ಸಿಗೆ ಬರುತ್ತಾರೆ, ರಸ್ತೆ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಗಾಳಿ ಜೋರಾಗಿದ್ದು, ಅಲೆಯ ತುದಿಯಲ್ಲಿ ಬಿಳಿ ನೊರೆ ಕಂಡರೆ ಅವತ್ತು ದೂರದ ಪ್ಲಾನ್ ಬಿಟ್ಟು ಹತ್ತಿರದ ಊರು ನೋಡಿ. ಜೋರು ಮಳೆಯಾದ ಮೇಲೆ ಬಂಡೆ ಜಾರಿ ರಸ್ತೆ ಮುಚ್ಚೋದೂ ಉಂಟು.

ನಿಲ್ದಾಣದ ಗೋಡೆಯ ಮೇಲೆ "ಶೋಪೆರೊ" ಅಂತ ಚೀಟಿ ಕಂಡರೆ ಅದು ಮುಷ್ಕರ. ತಾರೀಖು ಮೊದಲೇ ಘೋಷಿಸಿರುತ್ತಾರೆ. ಪ್ರಯಾಣದ ವಾರದಲ್ಲಿ ಒಂದು ಸಲ ಹುಡುಕಿ ನೋಡಿ.

ಹಂತ 8: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಇದು ಮೀನುಗಾರರ ಕರಾವಳಿ. ಚೆತಾರಾ ಊರು ಹೆಸರಾಗಿರೋದೇ ಆಂಚೊವಿ ಅನ್ನೋ ಸಣ್ಣ ಮೀನಿನ ರಸಕ್ಕೆ, ಅದನ್ನು ಕೊಲಾತುರಾ ಅನ್ನುತ್ತಾರೆ. ನೋಡೋಕೆ ಬರೀ ಎಣ್ಣೆ ಬೆಳ್ಳುಳ್ಳಿ ಪಾಸ್ತಾ ಥರ ಇದ್ದರೂ ಒಳಗೆ ಅದು ಇರಬಹುದು. ಮೆನುವಿನಲ್ಲಿ ಅಲೀಚಿ, ಅಚ್ಚೂಗೆ ಅಂದರೆ ಆ ಮೀನೇ. ಪಂಚೆಟ್ಟಾ, ಪ್ರೊಶುಟ್ಟೊ ಹಂದಿ ಮಾಂಸ. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಅಂತ ಹೇಳಿ, ಮಾಂಸ ಮೀನು ಎರಡೂ ಬೇಡ ಅಂತ. ಸೂಪಿನಲ್ಲಿ ಮಾಂಸದ ಸಾರು ಇದೆಯಾ ಅಂತ ಬೇರೆಯಾಗಿ ಕೇಳಿ. ಪರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ.

ಧೈರ್ಯವಾಗಿ ಕೇಳಬಹುದಾದವು ಮಾರ್ಗೆರಿಟಾ ಪಿಜ್ಜಾ, ಚೀಸ್ ಬೇಡದವರಿಗೆ ಟೊಮೆಟೊ ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾ, ಆಲೂಗಡ್ಡೆ ಉಂಡೆಗಳ ನ್ಯೊಕ್ಕಿ ಅಲ್ಲಾ ಸೊರೆಂಟಿನಾ, ಬದನೆಕಾಯಿಯ ಪರ್ಮಿಜಾನಾ. ನ್ಯೊಕ್ಕಿಗೂ ನಿಂಬೆಯ ಸಿಹಿ ತಿಂಡಿಗಳಿಗೂ ಮೊಟ್ಟೆ ಹಾಕಿರಬಹುದು. ರಾತ್ರಿ ಊಟ ಏಳೂವರೆಗೆ ಮುಂಚೆ ಸಿಗೋದು ಕಷ್ಟ, ಮಕ್ಕಳಿಗೆ ಸಂಜೆ ತಿನ್ನಲು ಏನಾದರೂ ಇರಲಿ. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗಿಷ್ಟು ಸೇರಿಸಿರುತ್ತಾರೆ, ಅದು ಅಲ್ಲಿನ ಪದ್ಧತಿ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಂಡರೆ ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪನೀರ್, ಮಾಂಸದ ಪದಾರ್ಥ ಯಾವುದನ್ನೂ ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವನ್ನೂ ತರುವಂತಿಲ್ಲ.

ಹಂತ 9: ದಿನಗಳನ್ನು ತುಂಬಿಸಿ

ಇಷ್ಟಾದ ಮೇಲೆ ನೋಡುವ ಜಾಗಗಳ ಪಟ್ಟಿ ಬರೆಯಿರಿ. ದಿನಕ್ಕೆ ಒಂದು ದೊಡ್ಡದು, ಒಂದು ಚಿಕ್ಕದು ಸಾಕು. ಉದಾಹರಣೆಗೆ ಬೆಳಗ್ಗೆ ಅಮಾಲ್ಫಿಯಿಂದ ಬಸ್ಸಿನಲ್ಲಿ ರವೆಲ್ಲೊ. ಸಮುದ್ರದಿಂದ ಸುಮಾರು 365 ಮೀಟರ್ ಮೇಲಿರುವ ಈ ಊರಿನ ವಿಲ್ಲಾ ಚಿಂಬ್ರೊನೆ ತೋಟದ ತುದಿಯ ಕಟ್ಟೆಯಿಂದ ಇಡೀ ಕೊಲ್ಲಿ ಕಾಣುತ್ತದೆ. ಮಧ್ಯಾಹ್ನ ಇಳಿದು ಅತ್ರಾನಿ.

ದೇವತೆಗಳ ಹಾದಿ ಅಂತ ಹೆಸರಾದ ಬೆಟ್ಟದ ಕಾಲುದಾರಿಯನ್ನು ಮೇಲಿನ ಬೊಮೆರಾನೊ ಊರಿನಿಂದ ಶುರು ಮಾಡಿ ನೊಚೆಲ್ಲೆ ಕಡೆ ನಡೆಯಿರಿ. ಆರೇಳು ಕಿಲೋಮೀಟರ್, ಹೆಚ್ಚಾಗಿ ಇಳಿಜಾರು. ತಿರುಗಾಮುರುಗಾ ಮಾಡಿದರೆ ಹತ್ತಬೇಕಾಗುತ್ತದೆ. ನೊಚೆಲ್ಲೆಯಿಂದ ಪೊಸಿತಾನೊ ಕಡೆಗೆ ಸಾವಿರದ ಐನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿದ್ದರೆ ಅಲ್ಲಿಂದ ಬಸ್ಸು ಹಿಡಿಯಿರಿ. ಹಾದಿಯಲ್ಲಿ ನೆರಳು ಕಡಿಮೆ, ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಇರಲಿ.

ಬೀಚುಗಳಲ್ಲಿ ಮರಳಿಗಿಂತ ಕಲ್ಲುಗುಂಡು ಜಾಸ್ತಿ, ನೀರಿಗೆ ಹಾಕಿಕೊಳ್ಳುವ ಚಪ್ಪಲಿ ಒಯ್ಯಿರಿ. ಕುರ್ಚಿ, ಛತ್ರಿ ಇಟ್ಟಿರುವ ಭಾಗಕ್ಕೆ ದುಡ್ಡು ಕೊಡಬೇಕು. "ಸ್ಪಿಯಾಜಾ ಲಿಬೆರಾ" ಅಂತ ಬರೆದಿದ್ದರೆ ಅಲ್ಲಿ ಪುಕ್ಕಟೆ.

ಕಾಪ್ರಿಯನ್ನು ಕೊನೆಯ ದಿನಕ್ಕೆ ಇಡಬೇಡಿ. ದೋಣಿ ರದ್ದಾದರೆ ಮತ್ತೆ ಅವಕಾಶ ಇರೋದಿಲ್ಲ. ಮೊದಲೆರಡು ದಿನದೊಳಗೆ ಹಾಕಿ.

ಹಂತ 10: ವಾಪಸ್ ಹೊರಡುವ ದಿನ

ಬೆಳಗಿನ ವಿಮಾನ ಇದ್ದರೆ ಹಿಂದಿನ ರಾತ್ರಿಯೇ ನೇಪಲ್ಸ್‌ಗೆ ಬಂದುಬಿಡಿ. ಕರಾವಳಿಯಿಂದ ನಸುಕಿನಲ್ಲಿ ಹೊರಟು ವಿಮಾನ ಹಿಡಿಯುವ ಸಾಹಸ ಬೇಡ. ಒಂದು ಕೆಟ್ಟ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡರೆ ಬೇರೆ ದಾರಿಯೇ ಇಲ್ಲ. ರೂಮ್ ಬಿಡುವಾಗ ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಕೇಳುತ್ತಾರೆ. ಬಹಳ ಕಡೆ ನಗದನ್ನೇ ಕೇಳುತ್ತಾರೆ, ಚಿಲ್ಲರೆ ಯೂರೊ ಎತ್ತಿಟ್ಟಿರಿ. ನೇಪಲ್ಸ್ ಕೇಂದ್ರ ನಿಲ್ದಾಣದ ಹತ್ತಿರದಿಂದ ವಿಮಾನ ನಿಲ್ದಾಣಕ್ಕೆ ಅಲಿಬಸ್ ಅನ್ನೋ ಬಸ್ಸು ಹೋಗುತ್ತದೆ. ದೊಡ್ಡ ಪೆಟ್ಟಿಗೆ ಅಲ್ಲೇ ನಿಲ್ದಾಣದಲ್ಲಿ ಬಿಟ್ಟಿದ್ದರೆ ಲಗೇಜ್ ಕೊಠಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ ಅಂತ ಇಡುವಾಗಲೇ ಕೇಳಿ ಬರೆದುಕೊಂಡಿರಿ.